ಬದಲಾದ ಬದುಕಿನಲ್ಲಿ ಫಿಲ್ಟರ್ ಕಾಫಿ: ದಕ್ಷಿಣ ಬೆಂಗಳೂರಿನ ವ್ಯಾಪಾರಕ್ಕೊಂದು ಪಾಠ

ದಕ್ಷಿಣ ಬೆಂಗಳೂರಿನ ಹಳೆಯ ಮನೆಗಳಲ್ಲಿ ಅಡಿಗೆಮನೆಯ ದೀಪ ಆರಿಸುವ ಮುನ್ನ ಮಾಡುವ ಕೊನೆಯ ಕೆಲಸವೆಂದರೆ ಮರುದಿನದ ಕಾಫಿಗೆ ಡಿಕಾಕ್ಷನ್ ಹಾಕಿಡುವುದು. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ತುಂಬಿ, ಸಣ್ಣ ಹಿಡಿಯುಳ್ಳ ತೂತಿನ ತಟ್ಟೆಯಿಂದ ಹದವಾಗಿ ಒತ್ತಿ, ಕುದಿಯುವ ನೀರು ಸುರಿದು ಮುಚ್ಚಳವಿಟ್ಟರೆ ಮನುಷ್ಯರ ಕೆಲಸ ಮುಗಿಯಿತು. ಉಳಿದುದು ಕಾಲದ ಕೆಲಸ. ಹನಿಹನಿಯಾಗಿ ಇಳಿದ ಗಟ್ಟಿ ಡಿಕಾಕ್ಷನ್ ಬೆಳಗಿನ ಹೊತ್ತಿಗೆ ಕೆಳಗಿನ ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ. ಜಯನಗರ, ಬನಶಂಕರಿಗಳ ಅನೇಕ ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಿ.ಟಿ.ಎಂ. ಬಡಾವಣೆಯ ಚಿತ್ರ ಬೇರೆ. ಅಲ್ಲಿನ ಪಿ.ಜಿ. ವಸತಿಗಳಲ್ಲಿ ಇಬ್ಬರು ಮೂವರು ಸೇರಿ ಒಂದು ಕೊಠಡಿಯಲ್ಲಿರುವ ಉದ್ಯೋಗಸ್ಥ ಯುವಕ ಯುವತಿಯರಿಗೆ ಸ್ವಂತ ಅಡಿಗೆಮನೆಯೇ ಇಲ್ಲ. ಫಿಲ್ಟರ್ ಇಡಲು ಸ್ಥಳವಿಲ್ಲ, ಇಟ್ಟರೂ ತೊಳೆಯಲು ಪುರಸೊತ್ತಿಲ್ಲ. ಜೆ.ಪಿ. ನಗರದ ಬಹುಮಹಡಿ ಕಟ್ಟಡಗಳಲ್ಲಿ ಅಡಿಗೆಮನೆ ವಿಶಾಲವಾಗಿದ್ದರೂ ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೊರಡುವ ಮನೆಯಲ್ಲಿ ಬೆಳಗಿನ ಇಪ್ಪತ್ತು ನಿಮಿಷ ಸಣ್ಣ ಸಂಗತಿಯಲ್ಲ. ಬಿಸಿ ನೀರಿಗೆ ಒಂದು ಚಮಚ ಇನ್‌ಸ್ಟಂಟ್ ಕಾಫಿ ಬೆರೆಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಆದರೂ ಇದೇ ಯುವಜನರು ಬೆಳಗ್ಗೆ ಏಳು ಗಂಟೆಗೆ ದರ್ಶಿನಿಯ ಮುಂದೆ ನಿಂತು ಲೋಟ-ಬಟ್ಟಲಿನಲ್ಲಿ ಕಾಫಿ ಆರಿಸಿಕೊಂಡು ಕುಡಿಯುವುದನ್ನು ಕಾಣಬಹುದು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಫಿಲ್ಟರ್ ಕಾಫಿಯ ರುಚಿ ಬೇಡವಾಗಿಲ್ಲ; ಅದಕ್ಕಾಗಿ ಕಾಯುವ ವ್ಯವಧಾನ ಮನೆಯಲ್ಲಿ ಉಳಿದಿಲ್ಲ. ಆ ಕಾಯುವ ಹೊತ್ತನ್ನು ಗ್ರಾಹಕನ ಪರವಾಗಿ ಯಾರು ಹೊರುತ್ತಾರೋ ಅವರಿಗೆ ವ್ಯಾಪಾರ ದೊರೆಯುತ್ತದೆ. ಕಾಫಿ ಪುಡಿ ಅಂಗಡಿಯವರು, ಹೋಟೆಲುದಾರರು, ಪಾತ್ರೆ ತಯಾರಕರು ಮತ್ತು ಸಣ್ಣ ಆಹಾರ ಘಟಕಗಳವರು ಈ ದೃಷ್ಟಿಯಿಂದ ವಿಷಯವನ್ನು ಪರಿಶೀಲಿಸುವುದು ಲಾಭದಾಯಕ.

ದರ್ಶಿನಿಯ ಕೊಡುಗೆ

ಮನೆಯ ಕಾಫಿ ಹೋಟೆಲಿಗೆ ಬಂದದ್ದು ಹೊಸ ಬೆಳವಣಿಗೆಯೇನೂ ಅಲ್ಲ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನ, 1965ರಲ್ಲಿ ಶಂಕರಪುರದಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇವೆಲ್ಲವೂ ತಿಂಡಿಯಷ್ಟೇ ಕಾಫಿಗೂ ಹೆಸರಾದವು. ಮನೆಯ ಡಿಕಾಕ್ಷನ್ನಿನ ಹದವನ್ನು ದೊಡ್ಡ ಪ್ರಮಾಣದಲ್ಲಿ ಉಳಿಸಿಕೊಳ್ಳುವುದು ಸಾಧ್ಯವೆಂಬುದನ್ನು ಇಂತಹ ಹೋಟೆಲುಗಳು ತೋರಿಸಿಕೊಟ್ಟವು.

ವೇಗದ ಪ್ರಶ್ನೆಗೆ ಉತ್ತರ ಕಂಡುಕೊಂಡ ಕೀರ್ತಿ ಮಾತ್ರ ಜಯನಗರದ್ದು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಆರಂಭಿಸಿದ ಕೆಫೆ ದರ್ಶಿನಿ ಹೊಸ ಮಾದರಿಯೊಂದಕ್ಕೆ ಹೆಸರನ್ನೇ ಕೊಟ್ಟಿತು. ಕುರ್ಚಿಗಳಿಲ್ಲ, ಮಾಣಿಗಳಿಲ್ಲ, ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ತೆರೆದ ಅಡಿಗೆಕಟ್ಟೆಯ ಮುಂದೆ ನಿಂತು ತಾವೇ ತೆಗೆದುಕೊಳ್ಳುವುದು, ನಿಂತೇ ತಿಂದು ಹೊರಡುವುದು. ಸ್ಥಳದ ಬಾಡಿಗೆ ಮತ್ತು ಕೂಲಿಯ ಖರ್ಚು ತಗ್ಗಿದ್ದರಿಂದ ಕಡಿಮೆ ಬೆಲೆಗೆ ಒಳ್ಳೆಯ ಪದಾರ್ಥ ಕೊಡುವುದು ಸಾಧ್ಯವಾಯಿತು.

ಕಾಫಿಯ ಮಟ್ಟಿಗೆ ದರ್ಶಿನಿಯ ಕೊಡುಗೆ ಇನ್ನೂ ಮುಖ್ಯವಾದುದು. ಡಿಕಾಕ್ಷನ್ ಇಳಿಯಲು ಬೇಕಾದ ಸಮಯ ಅಲ್ಲಿಯೂ ಕಡಿಮೆಯಾಗಲಿಲ್ಲ. ಆದರೆ ಗ್ರಾಹಕ ಬರುವ ಮುನ್ನವೇ ಆ ಸಮಯ ಕಳೆದಿರುತ್ತಿತ್ತು. ಅವನ ಎದುರಿಗೆ ನಡೆಯುವುದು ಡಿಕಾಕ್ಷನ್ನಿಗೆ ಬಿಸಿ ಹಾಲು ಬೆರೆಸಿ ನೊರೆ ಎಬ್ಬಿಸುವ ಕೊನೆಯ ಹತ್ತು ಸೆಕೆಂಡುಗಳ ಕೆಲಸ ಮಾತ್ರ. ಪದ್ಧತಿಯನ್ನು ಬಿಡದೆ ವೇಗವನ್ನು ಸಾಧಿಸಿದ ಉಪಾಯವಿದು.

1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಮಳಿಗೆ ತೆರೆದು, ಯಂತ್ರದಲ್ಲಿ ತಯಾರಾಗುವ ಕಾಪುಚಿನೊ ಯುವಜನರ ಬಾಯಿಗೆ ಬಿದ್ದಾಗ ಫಿಲ್ಟರ್ ಕಾಫಿಯ ಕಾಲ ಮುಗಿಯಿತೆಂದು ಭಾವಿಸಿದವರಿದ್ದರು. ಹಾಗಾಗಲಿಲ್ಲ. 2009ರಲ್ಲಿ ಗಾಂಧಿ ಬಜಾರಿನ ಕಿರಿದಾದ ಮಳಿಗೆಯೊಂದರಲ್ಲಿ ಆರಂಭವಾದ ಹಟ್ಟಿ ಕಾಪಿ ಫಿಲ್ಟರ್ ಕಾಫಿಯನ್ನೇ ಮುಖ್ಯ ಪದಾರ್ಥವಾಗಿಸಿಕೊಂಡು ವಿಮಾನ ನಿಲ್ದಾಣದವರೆಗೂ ಬೆಳೆಯಿತು. ಜಾಗತಿಕ ಸಂಸ್ಥೆಯಾದ ಸ್ಟಾರ್‌ಬಕ್ಸ್ ಕೂಡ 2022ರಲ್ಲಿ ಭಾರತದ ತನ್ನ ಕೆಲವು ಮಳಿಗೆಗಳಲ್ಲಿ ಫಿಲ್ಟರ್ ಕಾಫಿಯನ್ನು ಪರಿಚಯಿಸಿತು. ಹೊರಗಿನವರು ಬೆಲೆಯುಂಟೆಂದು ಗುರುತಿಸಿದ ಪದಾರ್ಥವನ್ನು ಸ್ಥಳೀಯ ವ್ಯಾಪಾರಿಗಳು ಹಳತೆಂದು ಬದಿಗಿಡುವುದು ವಿವೇಕವಲ್ಲ.

ಪುಡಿ ಅಂಗಡಿಯೇ ಬೇರು

ಈ ಇಡೀ ವ್ಯವಹಾರದ ಬೇರು ಇರುವುದು ಕಾಫಿ ಪುಡಿ ಅಂಗಡಿಯಲ್ಲಿ. ಬೀಜ ಹುರಿಯುವ ಪರಿಮಳವೇ ಈ ಅಂಗಡಿಗಳ ಜಾಹೀರಾತು. ಪೀಬೆರಿ ಎಷ್ಟು, ಪ್ಲಾಂಟೇಷನ್ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಎಂದು ಗ್ರಾಹಕ ಹೇಳಿದಂತೆ ಬೆರೆಸಿ ಪುಡಿ ಮಾಡಿಕೊಡುವ ಪದ್ಧತಿ ಇಲ್ಲಿನದು. ಒಂದೊಂದು ಮನೆಗೂ ಒಂದೊಂದು ಮಿಶ್ರಣ. ತಲೆಮಾರು ಬದಲಾದರೂ ಮಿಶ್ರಣ ಬದಲಿಸದ ಮನೆಗಳಿವೆ. ಇಂತಹ ನಿಷ್ಠೆಯನ್ನು ಬೇರಾವ ದಿನಸಿ ಪದಾರ್ಥದಲ್ಲಿಯೂ ಕಾಣುವುದು ಕಷ್ಟ.

ಈ ಅಂಗಡಿಗಳಿಗೆ ಸ್ವಾತಂತ್ರ್ಯ ದೊರೆತದ್ದು ಆರ್ಥಿಕ ಉದಾರೀಕರಣದ ನಂತರ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಪುಡಿ ವ್ಯಾಪಾರಿಗಳು ಮಂಡಳಿಯ ಹರಾಜಿನಲ್ಲಿ ಬೀಜ ಕೊಳ್ಳಬೇಕಾಗಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ವ್ಯವಸ್ಥೆ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ಜಯನಗರದ ಸಣ್ಣ ಪುಡಿ ವ್ಯಾಪಾರಿಯೂ ಚಿಕ್ಕಮಗಳೂರು, ಕೊಡಗು, ಹಾಸನಗಳ ಬೆಳೆಗಾರರಿಂದ ನೇರವಾಗಿ ಬೀಜ ತರಿಸಬಹುದಾಗಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದೇ ಆಗಿರುವುದರಿಂದ ಬೆಂಗಳೂರಿನ ವ್ಯಾಪಾರಿಗೆ ತೋಟ ಒಂದು ದಿನದ ಪ್ರಯಾಣದಷ್ಟೇ ದೂರ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬೀಜ ಎಲ್ಲಿಯದೆಂದು ಹೇಳಿ ಮಾರಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಆದರೆ ಆ ಹೆಸರುಗಳನ್ನು ಬಳಸುವಾಗ ನೋಂದಣಿಯ ನಿಯಮಗಳನ್ನು ಪಾಲಿಸಬೇಕು.

ಪುಡಿ ಅಂಗಡಿಯ ನಿಜವಾದ ಬಂಡವಾಳ ತಾಜಾತನ. ಹುರಿದ ಬೀಜ ಪುಡಿಯಾದ ಕೂಡಲೇ ಅದರ ಪರಿಮಳ ಗಾಳಿಗೆ ಹೋಗತೊಡಗುತ್ತದೆ. ದೂರದ ಕಾರ್ಖಾನೆಯಲ್ಲಿ ತಿಂಗಳುಗಳ ಹಿಂದೆ ಪುಡಿಯಾದ ಪೊಟ್ಟಣ ಇಂದು ಬೆಳಗ್ಗೆ ಪುಡಿಯಾದ ಕಾಲು ಕಿಲೋ ಪೊಟ್ಟಣಕ್ಕೆ ಸಮನಾಗಲಾರದು. ಪುಡಿಯ ನಯವೂ ಅಷ್ಟೇ ಮುಖ್ಯ. ತೀರ ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದಿಲ್ಲ. ದಪ್ಪವಾದರೆ ನೀರು ಸರಸರನೆ ಹರಿದು ಡಿಕಾಕ್ಷನ್ ತೆಳುವಾಗುತ್ತದೆ. ಫಿಲ್ಟರ್ ಕೊಂಡ ಅನೇಕ ಯುವಜನರು ಒಂದೆರಡು ವಾರದಲ್ಲೇ ಅದನ್ನು ಅಟ್ಟಕ್ಕೆ ಸೇರಿಸುವುದಕ್ಕೆ ಇಂತಹ ಸಣ್ಣ ತೊಡಕುಗಳೇ ಕಾರಣ. ಪೊಟ್ಟಣದೊಡನೆ ಪುಡಿ, ನೀರು, ಸಮಯಗಳ ಪ್ರಮಾಣವನ್ನು ಮುದ್ರಿಸಿದ ಒಂದು ಚೀಟಿ ಕೊಟ್ಟರೆ ಖರ್ಚು ಕೆಲವೇ ಪೈಸೆಗಳು. ಅದರಿಂದ ಉಳಿಯುವುದು ಮಾತ್ರ ಜೀವಮಾನದ ಗ್ರಾಹಕ.

ಬೆಲೆಯೇರಿಕೆ ಮತ್ತು ಚಿಕೋರಿಯ ಆಮಿಷ

2024 ಮತ್ತು 2025 ಪುಡಿ ವ್ಯಾಪಾರಿಗಳಿಗೆ ಕಠಿಣ ಪರೀಕ್ಷೆಯ ವರ್ಷಗಳಾದವು. ವಿಯೆಟ್ನಾಂ ಮತ್ತು ಬ್ರೆಜಿಲ್‌ಗಳಲ್ಲಿ ಮಳೆಯ ಅಭಾವದಿಂದ ಬೆಳೆ ಕುಸಿಯುವ ಭೀತಿ ಹಬ್ಬಿ, 2023ರ ಆರಂಭದಲ್ಲಿ ಟನ್ನಿಗೆ 2,000 ಡಾಲರ್ ಆಸುಪಾಸಿನಲ್ಲಿದ್ದ ಲಂಡನ್ ಮಾರುಕಟ್ಟೆಯ ರೋಬಸ್ಟಾ ಬೆಲೆ 2024ರಲ್ಲಿ 5,000 ಡಾಲರ್ ದಾಟಿತು. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿತು. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ರಫ್ತಾಗುವುದರಿಂದ ಹೊರಗಿನ ಬೆಲೆ ತೋಟದ ಬಾಗಿಲಿಗೆ ತಕ್ಷಣ ತಲುಪುತ್ತದೆ. ಬೆಳೆಗಾರನಿಗೆ ಹಲವು ವರ್ಷಗಳ ಬಳಿಕ ಒಳ್ಳೆಯ ದರ ಸಿಕ್ಕಿತು. ಪುಡಿ ಅಂಗಡಿಯವರಿಗೆ ಬೀಜದ ಖರ್ಚು ಹೊರಲಾರದಾಯಿತು. ಇದರ ಜೊತೆಗೆ 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂ. ಏರಿದಾಗ ಹೋಟೆಲುದಾರರ ಲೆಕ್ಕವೂ ತಪ್ಪಿತು.

ಇಂತಹ ಸಮಯದಲ್ಲಿ ಸುಲಭದ ದಾರಿಯಾಗಿ ಕಾಣುವುದು ಚಿಕೋರಿ. ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಬೇರನ್ನು ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದು ಡಿಕಾಕ್ಷನ್ನಿಗೆ ಗಾಢ ಬಣ್ಣ, ಮಂದತೆ ಮತ್ತು ಕಹಿಯನ್ನು ಕೊಡುತ್ತದೆ; ಕಾಫಿಗಿಂತ ಅಗ್ಗ. ಮಿತವಾಗಿ ಬಳಸಿದ ಚಿಕೋರಿ ದೋಷವಲ್ಲ. ದಕ್ಷಿಣದ ಕಾಫಿಯ ಸಹಜ ರುಚಿಯೇ ಅದರೊಡನೆ ಬೆಳೆದಿದೆ. ದೋಷವಿರುವುದು ಗ್ರಾಹಕನಿಗೆ ತಿಳಿಸದೆ ಪ್ರಮಾಣ ಹೆಚ್ಚಿಸುವುದರಲ್ಲಿ. ಆಹಾರ ಸುರಕ್ಷತಾ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ತೂಕದಲ್ಲಿ ಶೇ. 51ಕ್ಕಿಂತ ಕಡಿಮೆಯಿರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು.

ಕಾನೂನಿಗಿಂತ ಮೊದಲು ಲೆಕ್ಕವನ್ನು ನೋಡುವುದೊಳ್ಳೆಯದು. ಒಂದು ಲೋಟ ಕಾಫಿಗೆ 10 ಗ್ರಾಂ ಪುಡಿ ಬೇಕೆಂದು ಇಟ್ಟುಕೊಂಡರೆ ಒಂದು ಕಿಲೋ ಪುಡಿಯಿಂದ 100 ಲೋಟ ಕಾಫಿಯಾಗುತ್ತದೆ. ಅಂದರೆ ಪುಡಿಯ ಬೆಲೆ ಕಿಲೋಗೆ 200 ರೂ. ಏರಿದರೂ ಒಂದು ಲೋಟದ ಮೇಲೆ ಬೀಳುವ ಹೊರೆ 2 ರೂ. ಮಾತ್ರ. ಈ 2 ರೂ.ಗಳನ್ನು ಗ್ರಾಹಕನಿಗೆ ವಿವರಿಸಿ ಪಡೆಯುವುದು ಕಷ್ಟವಲ್ಲ. ಅದನ್ನು ಮರೆಮಾಚಲು ಹೋಗಿ ಕಾಫಿಯ ಪ್ರಮಾಣ ತಗ್ಗಿಸಿದರೆ ಗ್ರಾಹಕ ಪ್ರಶ್ನೆ ಕೇಳುವುದಿಲ್ಲ; 'ಈಚೆಗೆ ಕಾಫಿ ಯಾಕೋ ಹಿಡಿಸುತ್ತಿಲ್ಲ' ಎಂದುಕೊಂಡು ಸದ್ದಿಲ್ಲದೆ ಬೇರೆ ಪಾನೀಯಕ್ಕೆ ಹೊರಟುಹೋಗುತ್ತಾನೆ. ಬೆಲೆ ಏರಿಸಿದ ಅಂಗಡಿಗೆ ಅವನು ಮರಳಿ ಬರಬಹುದು; ಮಿಶ್ರಣ ಕೆಡಿಸಿದ ಅಂಗಡಿಗೆ ಬರುವುದಿಲ್ಲ.

ವಿಯೆಟ್ನಾಂ ತೋರಿದ ದಾರಿ

ಬೆಲೆಯ ವಿಷಯದಲ್ಲಿ ಇಲ್ಲಿಯವರನ್ನು ಕಾಡಿದ ವಿಯೆಟ್ನಾಂನಿಂದಲೇ ಒಂದು ಪಾಠವನ್ನೂ ಕಲಿಯಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಆ ದೇಶಕ್ಕೆ ಕಾಫಿ ತಂದರು. 1986ರ ಆರ್ಥಿಕ ಸುಧಾರಣೆಗಳ ಬಳಿಕ ರೋಬಸ್ಟಾ ಕೃಷಿ ವೇಗವಾಗಿ ವಿಸ್ತರಿಸಿ, ಇಂದು ಬ್ರೆಜಿಲ್ ನಂತರ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದೇ.

ಅಲ್ಲಿನ ಸಾಂಪ್ರದಾಯಿಕ ಕಾಫಿ ದಕ್ಷಿಣ ಭಾರತದ ಕಾಫಿಗೆ ಹತ್ತಿರದ ನೆಂಟ. 'ಫಿನ್' ಎಂಬ ಚಿಕ್ಕ ಲೋಹದ ಫಿಲ್ಟರಿನಲ್ಲಿ ಪುಡಿ ಹಾಕಿ, ತೂತಿನ ತಟ್ಟೆಯಿಂದ ಒತ್ತಿ, ಬಿಸಿ ನೀರು ಸುರಿಯುತ್ತಾರೆ. ಇಲ್ಲಿಯಂತೆಯೇ ಅಲ್ಲಿಯೂ ಯಂತ್ರದ ಒತ್ತಡವಿಲ್ಲ. ಹನಿಹನಿಯಾಗಿ ಇಳಿಯುವುದನ್ನು ಕಾಯಬೇಕು. ತಾಜಾ ಹಾಲು ದುರ್ಲಭವಾಗಿದ್ದ ಕಾಲದಲ್ಲಿ ಆರಂಭವಾದ ಸಿಹಿ ಮಂದಹಾಲಿನ ಬಳಕೆ ಅಲ್ಲಿನ ರುಚಿಯೇ ಆಗಿಹೋಗಿದೆ. ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುವ ರೂಢಿಯೂ ಉಂಟು.

ವ್ಯತ್ಯಾಸವಿರುವುದು ವ್ಯಾಪಾರದ ರೀತಿಯಲ್ಲಿ. ಫಿನ್ ಒಂದೇ ಲೋಟದ ಅಳತೆಯದು. ಅದು ಲೋಟದ ಮೇಲೆಯೇ ಕೂರುತ್ತದೆ ಮತ್ತು ಹಾಗೆಯೇ ಗ್ರಾಹಕನ ಮೇಜಿಗೆ ಬರುತ್ತದೆ. ನಾಲ್ಕೈದು ನಿಮಿಷ ಹನಿ ಬೀಳುವುದನ್ನು ನೋಡುತ್ತ ಕೂರುವುದೇ ಅಲ್ಲಿ ಕಾಫಿಯ ಭಾಗ. ಅಲ್ಲಿ ಕಾಯುವಿಕೆಯನ್ನು ಬಚ್ಚಿಡಲಿಲ್ಲ, ಅದನ್ನೇ ಮಾರಾಟದ ಆಕರ್ಷಣೆಯಾಗಿಸಿದರು. ಬಿಸಿಲಿನ ದೇಶಕ್ಕೆ ಒಪ್ಪುವಂತೆ ಮಂಜುಗಡ್ಡೆ ಹಾಕಿದ ಹಾಲು-ಕಾಫಿಯನ್ನು ಜನಪ್ರಿಯಗೊಳಿಸಿದರು. 1996ರಲ್ಲಿ ಆರಂಭವಾದ ಟ್ರುಂಗ್ ನ್ಗುಯೆನ್‌ನಂತಹ ಸಂಸ್ಥೆಗಳು ಪುಡಿಯ ಜೊತೆಗೆ ಫಿನ್ ಪಾತ್ರೆಯನ್ನೂ ಹೊರದೇಶಗಳಿಗೆ ಕಳುಹಿಸಿದವು. ಬೀಜದ ಜೊತೆಗೆ ಪದ್ಧತಿಯೂ ರಫ್ತಾಯಿತು.

ಇಲ್ಲಿನ ಫಿಲ್ಟರ್ ಮಾತ್ರ ಅಡಿಗೆಮನೆಯ ಮೂಲೆಯಿಂದ ಹೊರಗೆ ಬಂದಿಲ್ಲ. ದರ್ಶಿನಿಯ ಗ್ರಾಹಕ ಲೋಟವನ್ನು ಕಾಣುತ್ತಾನೆ, ಬಟ್ಟಲನ್ನು ಕಾಣುತ್ತಾನೆ; ಫಿಲ್ಟರನ್ನು ಕಾಣುವುದಿಲ್ಲ. ಜೆ.ಪಿ. ನಗರದಂತಹ ಬಡಾವಣೆಗಳಲ್ಲಿ ಸಂಜೆ ಗಂಟೆಗಟ್ಟಲೆ ಕುಳಿತು ಮಾತನಾಡುವ ಗ್ರಾಹಕರಿರುವ ಕೆಫೆಗಳು ಬೆಳೆದಿವೆ. ಅಂತಹ ಕಡೆ ಸಣ್ಣ ಫಿಲ್ಟರನ್ನೇ ಮೇಜಿಗೆ ತಂದಿಟ್ಟು, ಹಾಲನ್ನು ಬೇರೆಯಾಗಿ ಕೊಡುವ ಪದ್ಧತಿ ಏಕಾಗಬಾರದು? ಬೆಳಗಿನ ಆತುರದ ಗ್ರಾಹಕನಿಗೆ ಕಾಯುವ ಹೊತ್ತನ್ನು ಉಳಿಸಿಕೊಡಬೇಕು. ಸಂಜೆಯ ಬಿಡುವಿನ ಗ್ರಾಹಕನಿಗೆ ಅದೇ ಹೊತ್ತನ್ನು ಮಾರಬಹುದು.

ಪಾತ್ರೆ ತಯಾರಕರಿಗೆ ಅವಕಾಶ

ಸಣ್ಣ ತಯಾರಕರು ಗಮನಿಸಬೇಕಾದ ಸಂಗತಿ ಇದು. ಅಂಗಡಿಗಳಲ್ಲಿ ದೊರೆಯುವ ಉಕ್ಕಿನ ಫಿಲ್ಟರುಗಳ ಆಕಾರ ದಶಕಗಳಿಂದ ಹೆಚ್ಚು ಬದಲಾಗಿಲ್ಲ. ಕುಟುಂಬದ ಅಳತೆಯ ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟು ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಬೇಗ ಜಾರುತ್ತದೆ, ಡಿಕಾಕ್ಷನ್ ಸಪ್ಪೆಯಾಗುತ್ತದೆ. ಒಂಟಿಯಾಗಿರುವವರು ಹೆಚ್ಚಿರುವ ನಗರದಲ್ಲಿ ಇದು ಸಣ್ಣ ಕೊರತೆಯಲ್ಲ.

ಕಡಿಮೆ ಸುತ್ತಳತೆಯ, ಎರಡು ಲೋಟಕ್ಕೆ ಸಾಲುವ, ಎರಡು ಭಾಗಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಹಿಡಿಯುಳ್ಳ ಫಿಲ್ಟರ್. ತೂತುಗಳು ಸಮನಾಗಿ ಕೊರೆದಿರುವ ತಟ್ಟೆ. ಒಳಗೆ ಎಷ್ಟು ಪುಡಿ, ಎಷ್ಟು ನೀರು ಎಂದು ತೋರಿಸುವ ಗೆರೆ. ನೇರವಾಗಿ ಲೋಟದ ಮೇಲೆ ಕೂರುವ ಅಳತೆ. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಅಚ್ಚು ಬದಲಿಸುವ ಮನಸ್ಸು ಬೇಕು. ಉಡುಗೊರೆಯಾಗಿ ಕೊಡುವವರಿಗೆ ಹಿತ್ತಾಳೆಯ ಲೋಟ-ಬಟ್ಟಲು, ಫಿಲ್ಟರ್ ಮತ್ತು ಕಾಲು ಕಿಲೋ ಪುಡಿಯನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರಬಹುದು. ಪಾತ್ರೆ ವ್ಯಾಪಾರಿ ಮತ್ತು ಪುಡಿ ವ್ಯಾಪಾರಿ ಕೈಜೋಡಿಸಿದರೆ ಇಬ್ಬರಿಗೂ ಲಾಭ. ಹೊರದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಊರಿಗೆ ಬಂದು ಹಿಂದಿರುಗುವಾಗ ಒಯ್ಯಲು ಇದಕ್ಕಿಂತ ತಕ್ಕ ವಸ್ತು ಇನ್ನೊಂದಿಲ್ಲ.

ಸಿದ್ಧ ಡಿಕಾಕ್ಷನ್: ಹೊಸ ಮಾರುಕಟ್ಟೆ

ಫಿಲ್ಟರೇ ಇಲ್ಲದ ಕೊಠಡಿಗೆ ತಲುಪುವ ಮಾರ್ಗವೆಂದರೆ ಸಿದ್ಧ ಡಿಕಾಕ್ಷನ್. 2005ರಲ್ಲಿ ಬೆಂಗಳೂರಿನ ತಿಪ್ಪಸಂದ್ರದ ಚಿಕ್ಕ ಜಾಗವೊಂದರಲ್ಲಿ ಇಡ್ಲಿ-ದೋಸೆ ಹಿಟ್ಟಿನಿಂದ ಆರಂಭವಾದ ಐಡಿ ಫ್ರೆಶ್ ಫುಡ್ ಸಂಸ್ಥೆ ಫಿಲ್ಟರ್ ಕಾಫಿಯ ಡಿಕಾಕ್ಷನ್ನನ್ನೂ ಮಾರುಕಟ್ಟೆಗೆ ತಂದಿತು. ರುಬ್ಬುವ ಶ್ರಮವನ್ನು ಮನೆಯಿಂದ ಹೊರಗೆ ತಂದವರೇ ಕಾಯುವ ಶ್ರಮವನ್ನೂ ಹೊರಗೆ ತಂದದ್ದು ಗಮನಾರ್ಹ.

ತೆರಿಗೆಯ ದೃಷ್ಟಿಯಿಂದಲೂ ಇದಕ್ಕೆ ಅನುಕೂಲಕರ ಕಾಲ ಬಂದಿದೆ. ಇನ್‌ಸ್ಟಂಟ್ ಕಾಫಿ ಹಾಗೂ ಕಾಫಿಯ ಸಾರಗಳ ಮೇಲಿದ್ದ ಶೇ. 18ರ ಜಿ.ಎಸ್‌.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಆದರೆ ಈ ಇಳಿಕೆ ಎರಡು ಅಲಗಿನ ಕತ್ತಿ. ಸಿದ್ಧ ಡಿಕಾಕ್ಷನ್ನಿಗೆ ಇದರಿಂದ ದಾರಿ ಸುಗಮವಾದಂತೆಯೇ ಇನ್‌ಸ್ಟಂಟ್ ಕಾಫಿಯೂ ಅಗ್ಗವಾಗಲು ಅವಕಾಶವಾಗಿದೆ. ಪುಡಿ ವ್ಯಾಪಾರಿಗಳಿಗೆ ಇದುವರೆಗೆ ಇದ್ದ ತೆರಿಗೆಯ ಅಂತರದ ರಕ್ಷಣೆ ಇನ್ನಿಲ್ಲ. ಇನ್ನು ಮುಂದೆ ಸ್ಪರ್ಧೆ ರುಚಿಯ ಮೇಲೆಯೇ ನಡೆಯಬೇಕು.

ತೊಡಕುಗಳೂ ಇವೆ. ಡಿಕಾಕ್ಷನ್ ಬೇಗ ಹಳಸುವ ಪದಾರ್ಥ. ಅದನ್ನು ತಿಂಗಳುಗಟ್ಟಲೆ ಉಳಿಸಲು ಬೇಕಾದ ಯಂತ್ರೋಪಕರಣ ಸಣ್ಣ ವ್ಯಾಪಾರಿಯ ಕೈಗೆಟುಕುವಂತಹುದಲ್ಲ. ಆದರೆ ಒಂದೇ ಬಡಾವಣೆಯೊಳಗೆ ದಿನದಿನವೂ ತಾಜಾ ಡಿಕಾಕ್ಷನ್ ಒದಗಿಸಲು ಅಂತಹ ಬಂಡವಾಳ ಬೇಕಾಗದು. ಬೆಳಗ್ಗೆ ಇಳಿಸಿದ್ದನ್ನು ಶುಚಿಯಾದ ಸೀಸೆಯಲ್ಲಿ ತುಂಬಿ, ಶೈತ್ಯದಲ್ಲಿರಿಸಿ, ತಯಾರಿಸಿದ ದಿನಾಂಕ ಮತ್ತು ಬಳಸಬೇಕಾದ ಅವಧಿಯನ್ನು ನಮೂದಿಸಿ ಸುತ್ತಲಿನ ಪಿ.ಜಿ. ವಸತಿಗಳಿಗೂ ಕಚೇರಿಗಳಿಗೂ ಕೊಡಬಹುದು. ಇದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಹುರಿಯುವಿಕೆ ಮತ್ತು ತಯಾರಿಕೆಯ ಕ್ರಮ ಕಲಿಯಬಯಸುವ ಉದ್ಯಮಿಗಳಿಗೆ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿ 'ಕಾಪಿ ಶಾಸ್ತ್ರ' ಎಂಬ ತರಬೇತಿಯನ್ನು ರೂಪಿಸಿದೆ.

ಸಂಚಾರ ವ್ಯವಸ್ಥೆಯೂ ವ್ಯಾಪಾರಕ್ಕೆ ಒತ್ತಾಸೆಯಾಗಿ ನಿಂತಿದೆ. 2017ರಿಂದ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮೆಟ್ರೋ ಹಸಿರು ಮಾರ್ಗ ಜೋಡಿಸಿತ್ತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಬಿ.ಟಿ.ಎಂ. ಬಡಾವಣೆಯನ್ನು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಅದಕ್ಕೆ ಕೂಡಿಸಿದೆ. ಹಳೆಯ ಬಡಾವಣೆಯ ಪುಡಿ ಅಂಗಡಿಗೂ ಹೊಸ ಬಡಾವಣೆಯ ಗ್ರಾಹಕನಿಗೂ ನಡುವಿನ ದೂರ ಈಗ ಕೆಲವೇ ನಿಮಿಷಗಳದು.

ಉಳಿಸಬೇಕಾದುದು ಯಾವುದು?

ಮೂರು ಶತಮಾನಗಳ ಹಿಂದೆ ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಅಂದಿನಿಂದ ಇಂದಿನವರೆಗೆ ಕಾಫಿ ಕುಡಿಯುವ ರೀತಿ ಅನೇಕ ಸಲ ಬದಲಾಗಿದೆ. ಪಾತ್ರೆ ಹಿತ್ತಾಳೆಯಿಂದ ಉಕ್ಕಿಗೆ ಬಂದಿತು. ಕೂತು ಕುಡಿಯುತ್ತಿದ್ದವರು ನಿಂತು ಕುಡಿಯತೊಡಗಿದರು. ಡಿಕಾಕ್ಷನ್ ಪೊಟ್ಟಣ ಸೇರಿತು. ಈ ಬದಲಾವಣೆಗಳಿಂದ ಫಿಲ್ಟರ್ ಕಾಫಿಗೆ ಹಾನಿಯಾಗಲಿಲ್ಲ. ತಾಜಾ ಪುಡಿ, ನಿಧಾನವಾಗಿ ಇಳಿದ ಡಿಕಾಕ್ಷನ್, ಹೇಳಿದ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣ, ಈ ಮೂರೂ ಉಳಿದಿರುವಷ್ಟು ಕಾಲ ಉಳಿದುದೆಲ್ಲ ಕಾಲಕ್ಕೆ ತಕ್ಕಂತೆ ಬದಲಾಗಲಿ.

ಫಿಲ್ಟರ್ ಕಾಫಿಯನ್ನು ಉಳಿಸುವುದು ಹಳೆಯ ನೆನಪುಗಳ ಮಾತಲ್ಲ. ಹುರಿಯುವವನು, ಪುಡಿ ಮಾಡುವವನು, ಪಾತ್ರೆ ತಯಾರಿಸುವವನು, ಹಾಲು ಒದಗಿಸುವವನು, ಲೋಟಕ್ಕೆ ಸುರಿಯುವವನು ಎಲ್ಲರ ಜೀವನೋಪಾಯದ ಪ್ರಶ್ನೆ ಅದು. ದೊಡ್ಡ ಸಂಸ್ಥೆಗಳಿಗೆ ಜಾಹೀರಾತಿನ ಬಲವಿದೆ; ಬಡಾವಣೆಯ ವ್ಯಾಪಾರಿಗೆ ಇರುವುದು ಗ್ರಾಹಕನ ಮಿಶ್ರಣವನ್ನು ನೆನಪಿಟ್ಟುಕೊಂಡಿರುವ ಬಲ. ಆ ನಂಬಿಕೆಯನ್ನು ಕಾಪಾಡಿಕೊಂಡು, ಗ್ರಾಹಕ ಕಾಯಲಾರದ ಇಪ್ಪತ್ತು ನಿಮಿಷವನ್ನು ಅವನ ಪರವಾಗಿ ತಾನು ಕಾಯಲು ಸಿದ್ಧನಿರುವ ವ್ಯಾಪಾರಿಗೆ ದಕ್ಷಿಣ ಬೆಂಗಳೂರಿನಲ್ಲಿ ಗಿರಾಕಿಗಳ ಕೊರತೆಯಾಗದು.